ನಾನು ಓದದೆ ಬಿಟ್ಟ ಸಾಲು

ಖೈರುನಕ್ಕನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೆ ಎರಡು ಪುಟದ ಮಾತನ್ನು ಯಾರಾದರೂ ಒಮ್ಮೆ ಓದಿ ಹೇಳಿದರೆ ಸಾಕು, ಒಂದಕ್ಷರ ತಪ್ಪದೆ ತಿರುಗಿ ಒಪ್ಪಿಸುತ್ತಿದ್ದಳು. ಗಂಗಾವತಿಯ ನಮ್ಮ ಓಣಿಯಲ್ಲಿ ಹಾಗೆ ಓದಿ ಹೇಳುವ ಕೆಲಸ ನನ್ನದು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಬೆಂಗಳೂರಿನ ಒಂದು ವಾರಪತ್ರಿಕೆಗೆ ಸಿನಿಮಾ ವಿಮರ್ಶೆಯನ್ನೂ ಬರೆಯುತ್ತಿದ್ದೆ.

ಚಿಕ್ಕಂದಿನಲ್ಲೇ ನಾಟಕ ಕಂಪನಿ ಸೇರಿದ ಅವಳು ಸಿನಿಮಾಕ್ಕೆ ಹೋದದ್ದು ನಲವತ್ತು ದಾಟಿದ ಮೇಲೆ. ಸಿಕ್ಕಿದ್ದೆಲ್ಲ ಸೂಲಗಿತ್ತಿ, ಮನೆಗೆಲಸದವಳು, ನಲ್ಲಿಯ ಮುಂದೆ ಜಗಳ ಕಾಯುವವಳು ಇಂಥ ಪಾತ್ರಗಳೇ. ಚಿತ್ರ ಬಿಡುಗಡೆಯಾದ ವಾರ ಪತ್ರಿಕೆಗಳನ್ನೆಲ್ಲ ಕೊಂಡು ತಂದು, ನಮ್ಮ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ ಹೇಳುತ್ತಿದ್ದಳು:

“ಓದ್ರಿ ಮಾಸ್ತರ್ರ. ಬೈದಿದ್ರೂ ಓದ್ರಿ, ಮುಚ್ಚಬ್ಯಾಡ್ರಿ.”

ಹೆಚ್ಚಿನ ವಿಮರ್ಶೆಗಳಲ್ಲಿ ಅವಳ ಹೆಸರೇ ಇರುತ್ತಿರಲಿಲ್ಲ. ತಾರಾಗಣದ ಕೊನೆಗೆ ‘ಇತರರು’ ಎಂದು ಬಂದಾಗ, “ಆ ಇತರರಾಗ ನಾನೂ ಅದೇನಿ” ಎಂದು ನಗುತ್ತಿದ್ದಳು.

ಒಮ್ಮೆ ಒಂದು ದೊಡ್ಡ ಪಾತ್ರ ಸಿಕ್ಕಿತು. ನಾನು ಅದನ್ನು ಮೆಚ್ಚಿ ಬರೆಯುವಾಗ, ತನ್ನ ಓಣಿಯವಳೆಂದು ಹೊಗಳಿದ್ದಾನೆ ಎಂದು ಬೆಂಗಳೂರಿನವರು ತಿಳಿದಾರು ಎಂಬ ಅಳುಕು ಹುಟ್ಟಿತು. ಕೊನೆಗೆ ಒಂದು ಸಾಲು ಸೇರಿಸಿದೆ: ‘ಈ ನಟಿಯ ಮುಖಭಾವ ಕಟ್ಟಿದ್ದನ್ನು ಅವರ ಒರಟು ಮಾತು ಕೆಡವುತ್ತದೆ.’ ಅವಳಿಗೆ ಓದಿ ಹೇಳುವಾಗ ಆ ಸಾಲನ್ನು ಬಿಟ್ಟುಬಿಟ್ಟೆ. ಅವಳು ಹಾಳೆಯನ್ನು ಜೋಪಾನವಾಗಿ ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡಳು.

ಎರಡು ವರ್ಷದ ಮೇಲೆ ಶ್ರೀರಾಮನಗರದ ಗದ್ದೆಗಳಲ್ಲಿ ಚಿತ್ರ ತೆಗೆಯಲು ಒಬ್ಬ ನಿರ್ದೇಶಕ ಬಂದ. ಭತ್ತದ ಸಸಿ ಹಚ್ಚುವ ಹೆಂಗಸಿನ ಕಥೆ, ಖೈರುನಕ್ಕನೇ ನಾಯಕಿ. ತನ್ನನ್ನು ಹೊಗಳಿ ಬರೆದಿದ್ದಾರೆಂದು ಅವಳೇ ಆ ಹಾಳೆಯನ್ನು ಅವನ ಕೈಗೆ ಕೊಟ್ಟಳು. ಅವನು ಓದಿ ತಿರುಗಿ ಕೊಟ್ಟ. ಬೆಂಗಳೂರಿನಿಂದ ಬಂದ ನಟರಿಗೆಲ್ಲ ನಮ್ಮ ಕಡೆಯ ಮಾತನ್ನು ತಾನೇ ತಿದ್ದಿ ಕಲಿಸಿದಳು. ಚಿತ್ರೀಕರಣ ಮುಗಿದ ಮೇಲೆ ದನಿ ಕೊಡಲು ಕರೆಯುತ್ತಾರೆಂದು ತಿಂಗಳುಗಟ್ಟಲೆ ಕಾದಳು. ಯಾರೂ ಕರೆಯಲಿಲ್ಲ.

ಚಿತ್ರ ಗಂಗಾವತಿಗೆ ಬಂದಾಗ ಇಡೀ ಓಣಿ ಹೋಯಿತು. ಪರದೆಯ ಮೇಲೆ ಖೈರುನಕ್ಕ ಗದ್ದೆಯಲ್ಲಿ ಬಗ್ಗಿದ್ದವಳು ನೆಟ್ಟಗಾಗಿ ಬಾಯಿ ತೆರೆದಳು. ಬಂದದ್ದು ಬೇರೆ ಯಾರದೋ ನಯವಾದ ದನಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನ್ನ ಪಕ್ಕದಲ್ಲಿದ್ದ ಅವಳು ಕೊನೆಯವರೆಗೂ ಅಲುಗಾಡದೆ ಕೂತಿದ್ದಳು.

ಆ ವಾರದ ವಿಮರ್ಶೆಗಳು ಅವಳನ್ನು ಎತ್ತಿ ಹಿಡಿದವು. ‘ಹದವಾದ ಮಾತುಗಾರಿಕೆ’ ಎಂದು ಮೂರು ಪತ್ರಿಕೆಗಳು ಬರೆದವು. ಅವನ್ನು ಓದಿಸಲು ಅವಳು ಬರಲಿಲ್ಲ. ನಾಲ್ಕನೆಯ ದಿನ ಬಂದವಳು ಕೂರಲೂ ಇಲ್ಲ. ಆ ಹಳೆಯ ಹಾಳೆಯನ್ನು ಮುಂದೆ ಹಿಡಿದಳು.

“ನನ್ನ ದನಿ ಯಾಕ ಹಾಕಲಿಲ್ಲ ಅಂತ ಡೈರೆಕ್ಟರಿಗೆ ಫೋನ್ ಮಾಡಿದ್ದೆ. ನಿಮ್ಮ ಮಾಸ್ತರ ಬರದಾರಲ್ಲ, ನೀವ ತಂದುಕೊಟ್ಟೀರಿ ಅಂದ. ಪೂರಾ ಓದ್ರಿ.”

ಓದಿದೆ. ಈ ಸಲ ಕೊನೆಯ ಸಾಲನ್ನೂ ಓದಿದೆ.

“ನಿಮಗ ಖರೇನ ಹಂಗ ಅನಿಸಿತ್ತೇನ್ರಿ?”

“ಇಲ್ಲಕ್ಕ.”

“ಅನಿಸಿದ್ರರ ಛಲೋ ಇತ್ತು” ಎಂದಳು. “ಅವ ಪರ ಊರಾಂವ, ಬಿಡ್ರಿ. ನೀವು ಓದಿದ್ದನ್ನ ನಾ ಯಾವತ್ತೂ ಮತ್ತೊಬ್ಬರ ಕಡೆ ಓದಿಸಿ ನೋಡಿದಾಕಿ ಅಲ್ಲ.”

ಹಾಳೆಯನ್ನು ಕಟ್ಟೆಯ ಮೇಲಿಟ್ಟು ಹೋದಳು. ಸಿನಿಮಾ ಬಿಟ್ಟು ಮತ್ತೆ ನಾಟಕ ಕಂಪನಿ ಸೇರಿದಳು. ನಾನು ವಿಮರ್ಶೆ ಬರೆಯುವುದನ್ನು ನಿಲ್ಲಿಸಿದೆ. ಅದರಿಂದ ಅವಳಿಗೇನೂ ಆಗಲಿಲ್ಲ.

ಹೋದ ವರ್ಷ ಕಿನ್ನಾಳದಲ್ಲಿ ಅವರ ಕಂಪನಿಯ ತಾಲೀಮು ನಡೆದಿದೆ ಎಂದು ಕೇಳಿ ಮಧ್ಯಾಹ್ನ ಹೋದೆ. ತಗಡಿನ ಶೆಡ್ಡಿನಲ್ಲಿ ಮುದುಕಿಯ ಪಾತ್ರ ಮಾಡುತ್ತಿದ್ದಳು. ಆ ಒಡೆದ, ದಪ್ಪ ದನಿಗೆ ಹೊರಗೆ ಸೈಕಲ್ ಮೇಲೆ ಹೊರಟವನೂ ಕಾಲೂರಿ ನಿಂತ. ಬಿಡುವಿನಲ್ಲಿ ನನಗೂ ಒಂದು ಕಪ್ ಚಹಾ ಕಳಿಸಿ, ಹತ್ತಿರ ಬಂದು ಕೂತಳು.

“ಬರಿಯಾಕ ಬಂದೀರೇನ್ರಿ?”

“ಇಲ್ಲಕ್ಕ, ಕೇಳಾಕ ಬಂದೆ. ಭಾಳ ಛಲೋ ಮಾಡಿದಿ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ.

“ನಿಮ್ಮ ಮಾತು ನಂಬೂ ಹಂಗಿದ್ರ ಇವತ್ತ ನನಗ ಭಾಳ ಖುಷಿ ಆಗ್ತಿತ್ತು ನೋಡ್ರಿ ಮಾಸ್ತರ್ರ” ಎಂದು, ಮುಂದಿನ ಪ್ರವೇಶಕ್ಕೆ ಎದ್ದು ಹೋದಳು.