ಹರಾಜಣ್ಣನ ಗಿಟಾರು

ಪಕ್ಕದ ಮನೆಯವರು ಹೊಸ ಬಾಗಿಲಿಗೆ ವಾರ್ನಿಷ್ ಹೊಡೆಸುತ್ತಿದ್ದಾರೆ. ಬೆಳಗಿನಿಂದ ಆ ವಾಸನೆ ನಮ್ಮ ಅಡುಗೆಮನೆಗೂ ನುಗ್ಗಿ ಒಗ್ಗರಣೆಯ ಜೊತೆ ಜಗಳಕ್ಕೆ ನಿಂತಿದೆ. ಕೆಲವರಿಗೆ ಈ ವಾಸನೆಯಿಂದ ತಲೆನೋವು ಬರುತ್ತದಂತೆ. ನನಗೆ ಬರುವುದು ನಗು. ನಗುವಿನ ಹಿಂದೆಯೇ ಒಂದು ದೊಡ್ಡ ಉಸಿರು, ಯಾರೋ ಎದೆಯ ಮೇಲಿಂದ ಮೂಟೆ ಇಳಿಸಿದ ಹಾಗೆ. ಎರಡು ವರ್ಷದ ಹಿಂದೆ ಇದೇ ವಾಸನೆ ಒಂದು ಗಿಟಾರಿನ ಹೊಟ್ಟೆಯೊಳಗಿಂದ ಬಂದಿತ್ತು. ಆ ಕಥೆ ಹೇಳುತ್ತೇನೆ, ಕೂತುಕೊಳ್ಳಿ. ಡಿಕಾಕ್ಷನ್ ಇನ್ನೂ ಇಳಿದಿಲ್ಲ.

ಮೊದಲು ಇವರ ವಿಷಯ ಹೇಳಬೇಕು. ಇವರು ಎಂದರೆ ನಮ್ಮ ಯಜಮಾನರು. ಶಿರಾದ ಹುಣಸೆ ಮಂಡಿಯಲ್ಲಿ ಹರಾಜು ಕೂಗುವುದು ಇವರ ಕೆಲಸ. ಹಣ್ಣಿನ ರಾಶಿಯ ಪಕ್ಕ ನಿಂತು, ವ್ಯಾಪಾರಿಗಳ ಕಣ್ಣು, ಹುಬ್ಬು, ಬೆರಳು ಎಲ್ಲವನ್ನೂ ಗಮನಿಸುತ್ತಾ "ಒಂದ್ಸಾರಿ... ಎರಡ್ಸಾರಿ..." ಎಂದು ದನಿ ಎತ್ತಿದರೆ ಮಂಡಿಯ ತಗಡಿನ ಸೂರು ಗುಂಯ್ ಎನ್ನುತ್ತಿತ್ತು. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯಿಂದ ಹಣ್ಣು ತರುವವರಿಗೆಲ್ಲ ಇವರು 'ಹರಾಜಣ್ಣ'. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಕಷ್ಟವೇನೆಂದರೆ, ಮನೆಗೆ ಬಂದ ಮೇಲೂ ಹರಾಜು ನಿಲ್ಲುತ್ತಿರಲಿಲ್ಲ. ಉಪ್ಪಿನಕಾಯಿ ಜಾಡಿ ಎಲ್ಲಿದೆ ಎಂದು ಇವರು ಕೇಳಿದರೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕಿರುವ ಸುದ್ದಿ ಬೀದಿಯ ತುದಿಗೆ ತಲುಪುತ್ತಿತ್ತು. ನಾನೋ ಮೂರನೆಯ ತರಗತಿಯ ಮಕ್ಕಳ ಗದ್ದಲದಲ್ಲಿ ದಿನ ಕಳೆದು ಬರುವ ಮೇಡಂ. ಸಂಜೆ ಒಂದು ಗಂಟೆ ಹೊತ್ತು ಸದ್ದಿಲ್ಲದ ಮನೆ ಸಿಕ್ಕರೆ ಸಾಕು ಎಂದು ಅದೆಷ್ಟು ಸಲ ಅಂದುಕೊಂಡಿದ್ದೇನೋ.

ಆ ವರ್ಷ ಹುಣಸೆಯ ಸುಗ್ಗಿ ಮುಗಿಯುವ ಹೊತ್ತಿಗೆ ಇವರ ದನಿ ಒಡೆಯಿತು. ಬಿಸಿನೀರು, ಜೇನು, ಮೆಣಸಿನ ಕಷಾಯ, ಯಾವುದಕ್ಕೂ ಜಗ್ಗಲಿಲ್ಲ. ತುಮಕೂರಿನ ಗಂಟಲು ಡಾಕ್ಟರು ಮೂಗಿನೊಳಗಿಂದ ತೆಳ್ಳಗಿನ ಕೊಳವೆ ಇಳಿಸಿ ನೋಡಿ, ದನಿ ಹುಟ್ಟುವ ಜಾಗದಲ್ಲೇ ಒಂದು ಗಂಟಿದೆ ಎಂದರು. ಆಪರೇಷನ್ ಮಾಡಿ ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದೇವೆ, ರಿಪೋರ್ಟು ಬರಲು ಎರಡು ವಾರವಾಗಬಹುದು ಎಂದರು.

"ಅಲ್ಲೀವರೆಗೂ ಒಂದು ಮಾತೂ ಆಡೋ ಹಾಗಿಲ್ಲ. ಪಿಸುಗುಟ್ಟೋ ಹಾಗೂ ಇಲ್ಲ."

ಅದು ಯಾವ ಪರೀಕ್ಷೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಇವರು ಬೀಡಿ ಸೇದುತ್ತಿದ್ದರೇ ಎಂದು ಎರಡು ಸಲ ಕೇಳಿದರು. ನನಗೆ ಅಷ್ಟು ಸಾಕಾಯಿತು. ಬಸ್ಸಿನಲ್ಲಿ ಶಿರಾ ಬರುವವರೆಗೂ ಇಬ್ಬರೂ ಕಿಟಕಿಯನ್ನೇ ನೋಡಿದೆವು.

ಐ.ಡಿ.ಹಳ್ಳಿಯಿಂದ ನಮ್ಮವ್ವ ಸಹಾಯಕ್ಕೆಂದು ಬಂದಳು. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ನನ್ನನ್ನು ಹಿತ್ತಿಲಿಗೆ ಕರೆದು, "ಅಳಿಯಂದ್ರು ಮಾತಾಡ್ದಿದ್ರೆ ಮನೆ ಮನೆಯಂಗೇ ಇಲ್ಲ ಕಣಮ್ಮ, ಗೋಡೌನ್ ಆದಂಗೈತೆ" ಎಂದಳು. ನಾನು ಬಯಸುತ್ತಿದ್ದ ಸದ್ದಿಲ್ಲದ ಮನೆ ಕೊನೆಗೂ ಸಿಕ್ಕಿತ್ತು, ನೋಡಿ. ಅದರೊಳಗೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಬೇಕಿಲ್ಲದಿದ್ದರೂ ಮಿಕ್ಸಿ ಹಾಕುತ್ತಿದ್ದೆ. ಇವರಿಗೆ ಮೊಬೈಲಿನಲ್ಲಿ ಬರೆದು ತೋರಿಸಿ ಎಂದರೆ, 'ನೀರು' ಎಂದು ಬರೆಯಲು ಹೋಗಿ 'ನೂರು' ಎಂದು ಬರೆದು, ಅಳಿಸಿ, ಮತ್ತೆ 'ನರಿ' ಎಂದು ಬರೆದು, ಫೋನನ್ನು ಹಾಸಿಗೆಯ ಮೇಲೆ ಎಸೆದರು. ಕೈಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಇಡೀ ದಿನ ಕುರ್ಚಿಯ ತೋಳಿನ ಮೇಲೆ ಹರಾಜು ನಡೆಯುತ್ತಿತ್ತು.

ಆ ವಾರದಲ್ಲೇ ಒಂದು ಸಂಜೆ ನನ್ನ ಛತ್ರಿ ಮುರಿಯಿತೆಂದು ನಾನೂ ಇವರೂ ಇನಾಯತ್ ಭಾಯಿಯ ಅಂಗಡಿಗೆ ಹೋದೆವು. ಟ್ರಂಕು, ಸ್ಕೂಲ್ ಬ್ಯಾಗು, ಕ್ರಿಕೆಟ್ ಬ್ಯಾಟು, ಛತ್ರಿ ಎಲ್ಲ ಸಿಗುವ ಅಂಗಡಿ. ನಾನು ಛತ್ರಿ ಬಿಚ್ಚಿ ಮಡಚುತ್ತಿದ್ದರೆ ಇವರು ಕತ್ತೆತ್ತಿ ಮೇಲೆ ನೋಡುತ್ತಾ ನಿಂತಿದ್ದರು. ಬ್ಯಾಗುಗಳ ಸಾಲಿನ ಹಿಂದೆ, ಪ್ಲಾಸ್ಟಿಕ್ ಹೊದ್ದುಕೊಂಡು ಒಂದು ಗಿಟಾರು ನೇತಾಡುತ್ತಿತ್ತು. ಇವರು ಅದರತ್ತ ಬೆರಳು ತೋರಿಸಿದರು.

"ಅರೆ, ಅದಾ ಹರಾಜಣ್ಣ?" ಎಂದು ಇನಾಯತ್ ಭಾಯಿ ನಕ್ಕರು. "ಅದು ನಾನು ತರ್ಸಿದ್ದಲ್ಲ. ಬ್ಯಾಟಿನ ಜೊತೆ ತಪ್ಪಿ ಬಂದಿದ್ದು. ಸಸ್ತಾ ಮಾಲು ಅಂತ ಹುಡುಗ್ರು ನೋಡಿ ನಗ್ತಾರೆ. ಕಿಸೀಕೋ ಬೇಡ."

"ನಮಗೂ ಬೇಡ" ಎಂದೆ ನಾನು. "ರೀ, ಈ ವಯಸ್ಸಲ್ಲಿ ಇದನ್ನ ಇಟ್ಕೊಂಡು ಏನು ಮಾಡ್ತೀರ?"

ಮೊದಲಿನ ಹಾಗಿದ್ದಿದ್ದರೆ ಇವರು ಅಂಗಡಿ ಅದುರುವಂತೆ ಉತ್ತರ ಕೊಡುತ್ತಿದ್ದರು. ಈಗ ನನ್ನ ಮುಖ ನೋಡಿ ಸುಮ್ಮನೆ ಕೈ ಕೆಳಗಿಳಿಸಿದರು. ಅದನ್ನು ಸಹಿಸಲು ನನ್ನಿಂದಾಗಲಿಲ್ಲ. "ಇಳಿಸಿ ಭಾಯಿ" ಎಂದೆ. ಒಂದು ಕುಕ್ಕರಿನ ಬೆಲೆಗೆ ಗಿಟಾರು ಬಂತು. ಛತ್ರಿ ಕೊಳ್ಳುವುದು ಮರೆತೇ ಹೋಯಿತು.

ಮನೆಗೆ ತಂದು ಪ್ಲಾಸ್ಟಿಕ್ ಬಿಚ್ಚಿದಾಗ ಅದರ ನಡುವಿನ ತೂತಿನಿಂದ ವಾರ್ನಿಷ್ ವಾಸನೆ ಬುಗ್ಗೆಂದು ಬಂತು. ನಾನೂ ಅವ್ವನೂ ಸರದಿಯ ಮೇಲೆ ಮೂಗಿಟ್ಟು ನೋಡಿದೆವು. ಇವರು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಒಮ್ಮೆ ಎಳೆದು ಬಿಟ್ಟರು. ನಾನು ಡಬ್ಬ ಬಡಿದ ಸದ್ದು ಬರುತ್ತದೆಂದು ಮುಖ ಕಿವುಚಿಕೊಂಡು ನಿಂತಿದ್ದೆ. ಬಂದದ್ದು ಬೇರೆಯೇ. ನೀರು ತುಂಬಿದ ತಾಮ್ರದ ಹಂಡೆಯನ್ನು ಬೆರಳಿನಿಂದ ತಟ್ಟಿದ ಹಾಗೆ ಒಂದು ದುಂಡನೆಯ ದನಿ ಎದ್ದು, ಕೋಣೆಯನ್ನೆಲ್ಲ ಸುತ್ತಿ, ನಿಧಾನವಾಗಿ ಕೂತಿತು. ಗೋಡೌನಿಗೆ ಯಾರೋ ಬಂದಂತಾಯಿತು.

ತುಮಕೂರಿನಲ್ಲಿರುವ ನನ್ನ ತಮ್ಮ ಸುರೇಶನಿಗೆ ಗಿಟಾರು ಗೊತ್ತು. ಅವನ ಹತ್ತಿರ ಹೊರದೇಶದ್ದು ಒಂದಿದೆ. ಫೋನಿನಲ್ಲಿ ವಿಷಯ ಹೇಳಿದೆ. "ಅಕ್ಕಾ, ಆ ರೇಟಿಗೆ ಗಿಟಾರ್ ಬರಲ್ಲ, ಸೌದೆ ಬರುತ್ತೆ" ಎಂದ. ಇವರು ಕಲಿಯಲೆಂದು ಮೊಬೈಲಿನಲ್ಲಿ ನೋಡುತ್ತಿದ್ದ ಗಿಟಾರು ಪಾಠದ ವಿಡಿಯೋದ ಹುಡುಗನೂ ಹೆಚ್ಚುಕಡಿಮೆ ಅದನ್ನೇ ಹೇಳಿದ. ಇವರು ಇಬ್ಬರ ಮಾತನ್ನೂ ಕೇಳಿಸಿಕೊಂಡು, ಬಾರಿಸುತ್ತಾ ಹೋದರು. ಬೆರಳ ತುದಿ ಕೆಂಪಾಗಿ, ಊದಿ, ಆಮೇಲೆ ಗಟ್ಟಿಯಾಯಿತು. ನಾನೋ, ನೆಂಟರು ಬಂದರೆ ಗಿಟಾರನ್ನು ಮಂಚದ ಕೆಳಗೆ ತಳ್ಳುತ್ತಿದ್ದೆ. ಪಕ್ಕದ ಮನೆಯಾಕೆ ಕೇಳಿದಾಗ "ತಮ್ಮನದು, ಇಟ್ಟು ಹೋಗಿದ್ದಾನೆ" ಎಂದುಬಿಟ್ಟೆ.

ನಾಲ್ಕೈದು ದಿನದಲ್ಲಿ ಅದು ಮನೆಯ ಮಾತಿನೊಳಗೂ ಸೇರಿಕೊಂಡಿತು. ಯಾರೂ ಕೂತು ತೀರ್ಮಾನಿಸಿದ್ದಲ್ಲ. ಅವ್ವ ಅಡುಗೆಮನೆಯಿಂದ "ಇನ್ನೊಂದು ಮುದ್ದೆ ಇಕ್ಲಾ ಅಂತ ಕೇಳಮ್ಮ" ಎಂದಾಗ ಇವರು ದಪ್ಪ ತಂತಿಯನ್ನು ಮೀಟಿ ಬೇಡವೆಂದರು. "ಮಜ್ಜಿಗೆ?" ಎಂದಳು. ಸಣ್ಣ ತಂತಿ ಟಿಂಗ್ ಎಂದಿತು. ಅಂದಿನಿಂದ ಸಣ್ಣದು ಹೂಂ, ದಪ್ಪದು ಉಹೂಂ. ಅವ್ವನಿಗಂತೂ ಇದು ಎಷ್ಟು ಹಿಡಿಸಿತೆಂದರೆ ಬೇಕಿಲ್ಲದ್ದನ್ನೂ ಕೇಳುತ್ತಿದ್ದಳು.

ರಿಪೋರ್ಟು ಬರುವ ಹಿಂದಿನ ದಿನ ಸಂಜೆ ಅವ್ವ ದೇವಸ್ಥಾನಕ್ಕೆ ಹೋಗಿದ್ದಳು. ನಾನು ದೀಪ ಹಚ್ಚಿ ಬಂದು ಇವರ ಎದುರು ಕೂತೆ. ಮಕ್ಕಳ ಪಾಠದ ಮಾತು, ಹಾಲಿನವನ ಮಾತು, ಎಲ್ಲ ಆಯಿತು. ಒಬ್ಬಳೇ ಎಷ್ಟೂಂತ ಮಾತಾಡಲಿ? ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ ಅದಾಗಿಯೇ ಬಾಯಿಗೆ ಬಂತು.

"ರೀ, ಭಯ ಆಗ್ತಿದೆಯಾ?"

ದನಿಯಿದ್ದ ಕಾಲದಲ್ಲಾಗಿದ್ದರೆ "ಭಯ? ನನಗಾ?" ಎಂದು ಗುಡುಗಿ ಆ ಪ್ರಶ್ನೆಯನ್ನೇ ಮುಗಿಸಿಬಿಡುತ್ತಿದ್ದರು. ಈಗ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡರು. ಆಮೇಲೆ ಸಣ್ಣ ತಂತಿಯನ್ನು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಮೀಟಿದರು.

"ನನಗೂ" ಎಂದೆ.

ಅಷ್ಟೇ ನಡೆದದ್ದು. ಆದರೆ ಅಂದು ಇಬ್ಬರಿಗೂ ಊಟ ಸೇರಿತು, ನಿದ್ದೆಯೂ ಬಂತು. ಬೇರೆಬೇರೆಯಾಗಿ ಹೊತ್ತುಕೊಂಡಿದ್ದ ಒಂದೇ ಮೂಟೆಗೆ ಇಬ್ಬರೂ ಕೈ ಹಾಕಿದಂತಾಗಿತ್ತು.

ಮರುದಿನ ಡಾಕ್ಟರು ಕಾಗದ ಬಿಡಿಸಿ ಓದಿ, ಕನ್ನಡಕ ತೆಗೆದು, "ಬರೀ ಗಂಟು ಅಷ್ಟೇ ಕಣ್ರೀ. ಕೂಗಿ ಕೂಗಿ ಆಗಿದ್ದು. ಕೆಟ್ಟದ್ದೇನೂ ಇಲ್ಲ" ಎಂದರು. ಇವರು ಬಾಯಿ ತೆರೆದರು. ಡಾಕ್ಟರು ತಟ್ಟನೆ ತುಟಿಯ ಮೇಲೆ ಬೆರಳಿಟ್ಟು, ಇನ್ನೂ ಒಂದು ವಾರ ಮಾತು ಬೇಡ ಎಂದರು. ಇವರು ಬಾಯಿ ಮುಚ್ಚಿ ಕೈ ಮುಗಿದರು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ, ಸಾಲಾಗಿ ಕೂತ ಅಷ್ಟೂ ಜನರ ಮುಂದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಾಪ, ಅವರೆಲ್ಲ ಏನೋ ಕೆಟ್ಟದ್ದಾಗಿದೆ ಎಂದುಕೊಂಡು ಜಾಗ ಬಿಟ್ಟುಕೊಟ್ಟರು. ಇವರು ನಗುತ್ತಾ ಎಲ್ಲರಿಗೂ ಕೈಯಾಡಿಸಿ, ಏನಿಲ್ಲ ಏನಿಲ್ಲ ಎಂದು ಸನ್ನೆ ಮಾಡುತ್ತಿದ್ದರು.

ಸುದ್ದಿ ತಿಳಿದು ಭಾನುವಾರ ಸುರೇಶ ಬಂದ, ತನ್ನ ಗಿಟಾರನ್ನೂ ಹೊತ್ತುಕೊಂಡು. ಅದರ ಪೆಟ್ಟಿಗೆಯೊಳಗೆ ಮಖಮಲ್ಲು. ಅವನ ಮನೆಯಲ್ಲಿ ಮಕ್ಕಳು ಅದರ ಹತ್ತಿರ ಸುಳಿಯುವ ಹಾಗಿಲ್ಲ, ಮದುವೆಯ ಸೀರೆಯಂತೆ ಆಗೊಮ್ಮೆ ಈಗೊಮ್ಮೆ ತೆಗೆದು, ನೋಡಿ, ಒಳಗಿಡುವುದು. "ಭಾವ, ನಿಮ್ಮ ಸೌದೆ ಎಲ್ಲಿ, ಕೊಡಿ" ಎಂದು ನಗುತ್ತಾ ತೆಗೆದುಕೊಂಡ. ಅದರ ಕಿವಿ ಹಿಂಡಿ ಶ್ರುತಿ ಮಾಡಿದ. ಬಾರಿಸಿದ. ನಗು ನಿಂತಿತು. ತಂತಿಗೂ ಮರಕ್ಕೂ ನಡುವಿನ ಸಂದಿಯನ್ನು ಒಂದು ಕಣ್ಣು ಮುಚ್ಚಿ ನೋಡಿದ. "ತಂತಿ ಎಷ್ಟು ಹತ್ರ ಕೂತಿದೆ ನೋಡಿ. ಬೆರಳಿಗೆ ಬೆಣ್ಣೆ ಇದ್ದ ಹಾಗಿದೆ" ಎಂದು ಮತ್ತೆ ಬಾರಿಸಿದ. ಆಮೇಲೆ ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಅವ್ವನಿಗೆ ಕೂಗಿ ಹೇಳಿದ.

"ಅವ್ವಾ, ಎರಡು ಗಿಟಾರ್ ಬಾರಿಸ್ತೀನಿ. ಈಚೆ ಬಂದು ನೋಡ್ಬಾರ್ದು. ಯಾವ್ದು ಚೆನ್ನಾಗಿದೆ ಹೇಳು."

ಬಾರಿಸಿದ. "ಇನ್ನೊಂದ್ಕಿತ ಬಾರ್ಸ್ಲಾ" ಎಂದಳು ಅವ್ವ. ಮತ್ತೆ ಬಾರಿಸಿದ.

"ಎಲ್ಡನೇದು ಕಣ್ಲಾ ಮಗಾ. ಮೊದಲ್ನೇದು ಆಫೀಸರ್ ಮಾತಾಡ್ದಂಗೈತೆ. ಎಲ್ಡನೇದು ನಮ್ಮೋರು ಯಾರೋ ಮಾತಾಡ್ದಂಗೈತೆ."

ಎರಡನೆಯದು ನಮ್ಮದು. ಅಷ್ಟು ದಿನ ಕೇಳಿ ಕೇಳಿ ಅವ್ವನ ಕಿವಿಗೆ ಒಗ್ಗಿದ ದನಿ ಅದು ಎಂದು ನೀವು ಹೇಳಬಹುದು. ಸುರೇಶನೂ ಹಾಗೇ ಅಂದ. ಆದರೆ ಹಾಗೆಂದವನು ತನ್ನದನ್ನು ಪೆಟ್ಟಿಗೆಗೆ ಹಾಕಿ, ನಮ್ಮದನ್ನು ತೊಡೆಯಿಂದ ಇಳಿಸದೆ, ಕಾಫಿ ಆರಿ ಕೆನೆ ಕಟ್ಟುವವರೆಗೂ ಬಾರಿಸುತ್ತಿದ್ದ. ಅವನು ಅಷ್ಟು ನಿಶ್ಚಿಂತೆಯಿಂದ ಬಾರಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗೀರು ಬಿದ್ದೀತು, ಬೆವರು ತಾಗೀತು ಎಂಬ ಹೆದರಿಕೆಯೇ ಇರಲಿಲ್ಲ. ಹೊರಡುವಾಗ ತಲೆ ಕೆರೆದುಕೊಳ್ಳುತ್ತಾ, "ಭಾವ, ಒಂದು ತಿಂಗಳು ಬದಲಾಯಿಸಿಕೊಳ್ಳೋಣವಾ? ನನ್ನದು ಇಲ್ಲೇ ಇರಲಿ" ಎಂದ.

ಇವರು ಗಿಟಾರನ್ನು ಅವನ ಕೈಯಿಂದ ತೆಗೆದುಕೊಂಡು, ದಪ್ಪ ತಂತಿಯನ್ನು ಜೋರಾಗಿ ಮೀಟಿದರು. ಅವ್ವ ಅಡುಗೆಮನೆಯಿಂದಲೇ, "ಆಗಕಿಲ್ಲ ಅಂದ್ರು ಕಣ್ಲಾ, ಬುಟ್ಬುಡು" ಎಂದು ಅರ್ಥ ಹೇಳಿದಳು.

ಆ ವಾರ ಕಳೆದ ಮೇಲೆ ಮಾತಿಗೆ ಅನುಮತಿ ಸಿಕ್ಕಿತು, ಆದರೆ ಮಾತು ಸುಲಭಕ್ಕೆ ಬರಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಆಸ್ಪತ್ರೆಯಲ್ಲಿ ದನಿಯ ಅಭ್ಯಾಸ ಮಾಡಿಸುವ ಚಿಕ್ಕ ವಯಸ್ಸಿನ ಮೇಡಂ ಒಬ್ಬರಿದ್ದರು. ಮೊದಲು ಮಾತು ಬೇಡ, ತುಟಿ ಮುಚ್ಚಿ 'ಮ್‌ಮ್' ಎನ್ನಿ, ಮೇಲಕ್ಕೆ ಎಳೆಯಬೇಡಿ, ಒಂದೇ ಮಟ್ಟದಲ್ಲಿ ನಿಲ್ಲಿಸಿ ಎಂದರು. "ಮನೇಲಿ ಹಾರ್ಮೋನಿಯಂ, ಶ್ರುತಿಪೆಟ್ಟಿಗೆ ಏನಾದ್ರೂ ಇದೆಯಾ?" ಎಂದು ಕೇಳಿದರು.

"ಗಿಟಾರ್ ಇದೆ ಮೇಡಂ" ಎಂದೆ ನಾನು. ಮಂಚದ ಕೆಳಗೆ ತಳ್ಳುತ್ತಿದ್ದವಳು ಅದೇ ಮೊದಲ ಸಲ ಹೊರಗಿನವರಿಗೆ ಹೇಳಿದ್ದು, ಅದೂ ಸ್ವಲ್ಪ ಜಂಬದಿಂದಲೇ.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಬೆಳಗು ಶುರುವಾಗುತ್ತಿದ್ದದ್ದು ಹಾಗೆ. ಇವರು ಒಂದು ತಂತಿ ಮೀಟುವುದು, ಅದರ ದನಿ ಆರುವುದರೊಳಗೆ ಅದರ ಮಗ್ಗುಲಲ್ಲಿ ತಮ್ಮ 'ಮ್‌ಮ್' ತಂದು ನಿಲ್ಲಿಸುವುದು. ಮೊದಮೊದಲು ದನಿ ಜಾರುತ್ತಿತ್ತು. ತಂತಿ ಮಾತ್ರ ಬಿಟ್ಟ ಜಾಗದಲ್ಲೇ ಕಾಯುತ್ತಿತ್ತು. ಆ ಅಗ್ಗದ ಮರದ ತಾಳ್ಮೆಯನ್ನು ನಾನು ಹಾಲು ಕಾಯಿಸುತ್ತಾ ಕೇಳಿದ್ದೇನೆ. ಒಂದು ದಿನ ಎರಡೂ ಒಂದರ ಮೇಲೊಂದು ಕೂತವು, ಯಾವುದು ತಂತಿ ಯಾವುದು ಇವರು ಎಂದು ತಿಳಿಯದ ಹಾಗೆ. ಇವರು ಕೈಯಿಂದ ತಂತಿಯನ್ನು ಒತ್ತಿ ಹಿಡಿದರು. ತಂತಿ ನಿಂತಿತು, ದನಿ ನಿಲ್ಲಲಿಲ್ಲ. ಹಾಲು ಉಕ್ಕಿ ಸ್ಟೌ ಆರಿಹೋಯಿತು. ನಾನು ಒರೆಸಲಿಲ್ಲ.

ಈಗ ಗಿಟಾರು ನಡುಮನೆಯ ಗೋಡೆಗೆ, ಎಲ್ಲರಿಗೂ ಕಾಣುವ ಹಾಗೆ ತೂಗುತ್ತದೆ. ಸಂಜೆ ಶಾಲೆಯಿಂದ ಬಂದವಳು ನಾನೂ ಕೈಯಾಡಿಸುತ್ತೇನೆ. ಎರಡು ಹಾಡು ಬರುತ್ತವೆ, ಒಂದು ಪೂರ್ತಿ, ಇನ್ನೊಂದು ಪಲ್ಲವಿಯವರೆಗೆ.

ಇವರು ಈ ವರ್ಷ ಮತ್ತೆ ಹರಾಜಿಗೆ ನಿಂತಿದ್ದಾರೆ. ಡಾಕ್ಟರ ಮಾತಿನಂತೆ ಮಂಡಿಯವರು ಒಂದು ಸಣ್ಣ ಮೈಕು ಕೊಟ್ಟಿದ್ದಾರೆ. ಹೋದ ಶನಿವಾರ ಶಾಲೆ ಬೇಗ ಬಿಟ್ಟಿತು, ಬುತ್ತಿ ಕೊಟ್ಟು ಬರೋಣವೆಂದು ಮಂಡಿಗೆ ಹೋದೆ. ರಾಶಿಗಳ ನಡುವೆ, ಪಾವಗಡದ ಕಡೆಯ ಹೆಂಗಸೊಬ್ಬಳು ತನ್ನ ಚೀಲದ ಮೇಲೆ ಕೂತು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ಅವಳ ಊರು ರಾಯಚರ್ಲಂತೆ. ಮೈಕಿನಲ್ಲಿ "ಒಂದ್ಸಾರಿ..." ಎಂದು ತಗ್ಗಿದ, ದುಂಡನೆಯ ದನಿ ಬಂತು. ಯಾರನ್ನೂ ಬೆಚ್ಚಿಬೀಳಿಸದೆ ಮೂಲೆಮೂಲೆಗೂ ಹೋಗಿ ಕೂತಿತು.

"ಆಯಪ್ಪನ ಗೊಂತು ಬಾಗೈತೆ ಕಣಮ್ಮ" ಎಂದಳು ಆಕೆ ನನ್ನ ಕಡೆ ತಿರುಗಿ, ತನ್ನ ಗಂಟಲನ್ನು ಮುಟ್ಟಿಕೊಂಡು ತೋರಿಸುತ್ತಾ. "ಅರಚಾದೇ ಇಲ್ಲ, ಆದ್ರೂ ಕೇಳಿಸ್ತೈತೆ. ಸಂಗೀತ ಗಿಂಗೀತ ಕಲ್ತವ್ನೇನೋ."

"ಹೂಂ" ಎಂದೆ. "ಗಿಟಾರು ಬಾರಿಸ್ತಾರೆ. ನಮ್ಮನೆಯವರೇ."

"ಅದೇ ಮತ್ತೆ" ಎಂದಳು, ಎಲ್ಲ ತಿಳಿದುಹೋದವಳ ಹಾಗೆ, ಮತ್ತು ಚೀಲದ ಮೇಲೆ ಒಂಚೂರು ಸರಿದು ಜಾಗ ಮಾಡಿಕೊಟ್ಟಳು. ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ಕೂತೆ. ಅವಳ ರಾಶಿಯ ಸರದಿ ಬರುವವರೆಗೂ ಇಬ್ಬರೂ ಕೇಳುತ್ತಾ ಇದ್ದೆವು.