ನನ್ನ ಕೈಯ ಅಚ್ಚು

ಉಷ್ಣತೆಗೆ ಓಗೊಡುವ ಪಾಲಿಮರ್‌ಗಳ ಬಗ್ಗೆ ನಾನು ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದೇನೆ. ಮೈಯ ಬಿಸಿಗೆ ಅರಳಿ ರಕ್ತನಾಳವನ್ನು ತೆರೆದಿಡುವ ಜಾಲರಿ, ಬಿಸಿ ತಗುಲಿದಾಗ ಕುಗ್ಗಿ ಮದ್ದು ಬಿಡುವ ಜೆಲ್ಲು, ಇವನ್ನೆಲ್ಲ ನಾನೇ ಹೆತ್ತು ಸಾಕಿದವನಂತೆ ವರ್ಣಿಸುತ್ತಿದ್ದೆ. ಅಂಥದೊಂದು ಪದಾರ್ಥ, ನಾನು ನಿವೃತ್ತನಾದ ಮೇಲೆ, ನಜರ್‌ಬಾದಿನ ನಮ್ಮ ಮನೆಗೇ ಬಂತು. ಎರಡನೆಯ ವಾರಕ್ಕೆ ಅದನ್ನು ಕೆಡಿಸಿದವನೂ ನಾನೇ.

ಬೋಂಡ ಕರಿಯುವಾಗ ಬಾಣಲೆ ವಾಲಿ, ಕಾದ ಎಣ್ಣೆ ನನ್ನ ಹೆಂಡತಿಯ ಬಲ ಅಂಗೈಯ ಹಿಂಬದಿಗೆ ಬಿದ್ದಿತ್ತು. ತೊಡೆಯ ಚರ್ಮ ತೆಗೆದು ಅಲ್ಲಿ ಕೂರಿಸಿದರು. ಹೊಸ ಚರ್ಮ ಮಾಗುತ್ತ ಬಿಗಿದುಕೊಂಡು ಬೆರಳುಗಳನ್ನು ಹಿಂದಕ್ಕೆ ಎಳೆಯುತ್ತದಂತೆ. ಅದನ್ನು ತಡೆಯಲು ಆಸ್ಪತ್ರೆಯ ಥೆರಪಿಸ್ಟ್ ಹೆಣ್ಣುಮಗಳು ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿಗೆ ಹಾಕಿದರು. ಬಿಳಿ ಹಾಳೆ ಗಾಜಿನಂತೆ ತಿಳಿಯಾಗಿ, ಹಪ್ಪಳದ ಹಿಟ್ಟಿನಂತೆ ಬಳುಕಿತು. ಕೈಯನ್ನು ಹಾವಿನ ಹೆಡೆಯ ಹಾಗೆ ಬಗ್ಗಿಸಿ, ಅಂಗೈ ಕಡೆಯಿಂದ ಅದನ್ನು ಒತ್ತಿ ಹಿಡಿದರು. ಆರಿದೊಡನೆ ಮತ್ತೆ ಬೆಳ್ಳಗೆ, ಗಟ್ಟಿ. ಕೈಯನ್ನು ಅದೇ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟು ತಯಾರು.

“ದಿನಾ ಬಿಚ್ಚಿ ತೊಳೀರಿ ಸರ್, ತಣ್ಣೀರಲ್ಲಿ.”

ನಾನು ಪರೀಕ್ಷಕನ ಗತ್ತಿನಲ್ಲಿ ತಲೆಯಾಡಿಸಿದೆ.

ಹೆಂಡತಿಯ ಆಸೆ ಒಂದೇ: ಹುಳಿಯನ್ನವನ್ನು ತನ್ನ ಕೈಯಲ್ಲೇ ಕಲಸಿ ತಿನ್ನಬೇಕು. ಚಮಚ ಕಂಡರೆ “ಜ್ವರ ಬಂದೋರ ಊಟ ಕಣ್ರೀ ಇದು” ಎಂದು ಮುಖ ತಿರುಗಿಸುತ್ತಿದ್ದಳು.

ಆ ಶನಿವಾರ ಡ್ರೆಸಿಂಗ್ ಮಾಡಿಸಿಕೊಂಡು ಬಂದೆವು. ಆಸ್ಪತ್ರೆಯ ಹೊಸ್ತಿಲು ಕಂಡ ಯಾವ ವಸ್ತುವೂ ಬಿಸಿನೀರು ಕಾಣದೆ ನಮ್ಮ ಒಳಮನೆ ಕಾಣುವಂತಿಲ್ಲ. ಟವೆಲ್ಲು, ಫ್ಲಾಸ್ಕು, ನಾನು, ಯಾರಿಗೂ ವಿನಾಯಿತಿಯಿಲ್ಲ. ಇದು ನನ್ನ ತಾಯಿಯ ಶಾಸನ. ಸ್ಪ್ಲಿಂಟನ್ನು ಕೈಯಿಂದ ಬಿಚ್ಚಿ ಮೇಜಿನ ಮೇಲಿಟ್ಟಿದ್ದನ್ನು ಅವರು ಕಂಡದ್ದು ಅಂದೇ ಮೊದಲು.

“ಆಸ್ಪತ್ರೆದು ಕಣೋ ಅದು! ಒಲೆ ಮೇಲೆ ನೀರು ಕುದೀತದೆ, ಅದ್ದಿ ತಗೊಂಡ್ಬಾ.”

ಅದ್ದಿದೆ. ಅರವತ್ತೇಳು ವರ್ಷದ ನಾನು, ತಾಯಿ ಹೇಳಿದರೆಂದು, ಅದ್ದಿದೆ. ಹೆಡೆ ನಿಧಾನಕ್ಕೆ ತಲೆ ತಗ್ಗಿಸಿತು. ಹಾಳೆ ತನ್ನ ಮೊದಲಿನ ರೂಪವನ್ನು ನೆನಪಿಸಿಕೊಂಡು ಚಪ್ಪಟೆಯಾಗಿ ತೇಲಿತು. ನಾನು ಬೋರ್ಡಿನ ಮೇಲೆ ಬರೆದಿದ್ದಂತೆಯೇ ನಡೆದುಕೊಂಡಿತು.

“ಏನೋ ಇದು, ದೋಸೆ ಥರ ಆಗೋಯ್ತು?” ಅಂದರು ಅಮ್ಮ.

ಆಸ್ಪತ್ರೆಯಲ್ಲಿ ಸ್ಪ್ಲಿಂಟು ಮಾಡುವ ವಿಭಾಗ ಇನ್ನು ತೆರೆಯುವುದು ಮಂಗಳವಾರವೇ. ಫೋನು ಬಡಿದುಕೊಂಡು ಸುಮ್ಮನಾಯಿತು.

“ನೀವೇ ಮಾಡ್ರೀ. ಅಷ್ಟು ವರ್ಷ ಪಾಠ ಮಾಡಿಲ್ವಾ? ಅಂಗೈ ಏನೂ ಸುಟ್ಟಿಲ್ಲ ನಂದು” ಎಂದು ಹೆಂಡತಿ ಕೈ ಚಾಚಿದಳು. ಹಾಳೆಯನ್ನು ನೀರಿನಿಂದ ಎತ್ತಿದೆ. ಹಬೆ ಎದ್ದಿತು. ಅವಳ ಮುಖ ಧೈರ್ಯವಾಗಿಯೇ ಇತ್ತು. ಕೈ ಮಾತ್ರ ತಾನಾಗಿ ಹಿಂದೆ ಸರಿಯಿತು. ಆ ಕೈಯ ಹತ್ತಿರ ಬಿಸಿಯ ವಸ್ತುವನ್ನು ಒಯ್ಯುವುದು ನನ್ನಿಂದಾಗಲಿಲ್ಲ. ನನ್ನ ಬಲಗೈಯನ್ನೇ ಹೆಡೆಯಂತೆ ಬಗ್ಗಿಸಿ, ಹಾಳೆಯನ್ನು ಅದಕ್ಕೆ ಒತ್ತಿಕೊಂಡೆ. ಆರಿದ ಮೇಲೆ ಅವಳಿಗೆ ಕಟ್ಟಿದೆ. ಸ್ವಲ್ಪ ಸಡಿಲ. ಬಟ್ಟೆ ತುರುಕಿದೆ.

ಮಂಗಳವಾರ ಥೆರಪಿಸ್ಟ್ ಅದನ್ನು ಬಿಚ್ಚಿ, ತಿರುಗಿಸಿ ನೋಡಿದರು. “ಇದು ಯಾರ ಕೈ ಸರ್?”

“ಅವರದೇ” ಅಂದಳು ಹೆಂಡತಿ. “ಮದುವೇಲಿ ಹಿಡ್ಕೊಂಡಿದ್ದು, ಇನ್ನೂ ಬಿಟ್ಟಿಲ್ಲ.”

ಥೆರಪಿಸ್ಟ್ ನಗಲಿಲ್ಲ. ಕಿರುಬೆರಳನ್ನು ಬುಡದಲ್ಲಿ ಮೆಲ್ಲಗೆ ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ. “ಸಡಿಲ ಇತ್ತಲ್ಲ, ಮೂರೇ ದಿನಕ್ಕೆ ಬಿಗಿದುಬಿಟ್ಟಿದೆ. ದಿನಾ ವ್ಯಾಯಾಮ ಮಾಡಿಸೋಣ. ಪೂರ್ತಿ ಬರುತ್ತೆ ಅಂತ ಹೇಳಕ್ಕಾಗಲ್ಲ, ಸರ್.” ಸ್ಪ್ಲಿಂಟನ್ನು ನೀರಿಗೆ ಹಾಕಿದರು. ಒಂದು ನಿಮಿಷದಲ್ಲಿ ನನ್ನ ಕೈಯ ಗುರುತು ಅಳಿಸಿಹೋಯಿತು. ಚರ್ಮಕ್ಕೆ ಅಂಥ ನೀರು ಇಲ್ಲ.

ಇದಾಗಿ ಎರಡು ತಿಂಗಳು. ಹೋದ ವಾರ ಅವಳು ಮೊದಲ ಸಲ ಹುಳಿಯನ್ನ ಕಲಸಿದಳು. ಮಿಕ್ಕ ಬೆರಳುಗಳು ಒಟ್ಟಾಗಿ ತುತ್ತು ಮಾಡಿದವು. ಕಿರುಬೆರಳು ಕರೆಯದ ನೆಂಟನ ಹಾಗೆ ದೂರ ನಿಂತಿತ್ತು. ಆ ಸಂದಿನಿಂದ ಹುಳಿ ಮುಂಗೈಗೆ ಇಳಿಯಿತು.

“ಎಂಗೋ ತಿಂತಾವ್ಳಲ್ಲ, ಬುಡು” ಅಂದರು ಅಮ್ಮ, ನನ್ನ ಕಡೆ ನೋಡದೆ.

ಮೇಜಿನ ಮೇಲಿದ್ದ ಚಮಚವನ್ನು ನಾನು ನೀರಿನ ಜಗ್ಗಿನ ಹಿಂದಕ್ಕೆ ಸರಿಸಿದೆ.

“ಕಂಡೆ” ಅಂದಳು ಹೆಂಡತಿ. ಮತ್ತೊಂದು ತುತ್ತು ಬೆರಳಿನಿಂದ ಜಾರಿದ ಮೇಲೆ, “ಇಲ್ಲೇ ಇಡಿ ಅದನ್ನ” ಅಂದಳು.