ಬೆವರು ಹತ್ತದ ಜರ್ಸಿ

ಮೊದಲ ಪಿಯುಸಿಯಲ್ಲಿ ನಾನು ಕೊಟ್ಟೂರಿನ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದೆ. ಹೈಸ್ಕೂಲಿನಲ್ಲಿ ಖೋ ಖೋ ಆಡಿದವಳು, ಓಟ ಜೋರಿತ್ತು. ಅದನ್ನು ನೋಡಿಯೇ ಪಿ.ಟಿ. ಸರ್ ಕರೆದು ಚೆಂಡು ಕೈಗೆ ಕೊಟ್ಟಿದ್ದರು. ಎರಡು ತಿಂಗಳು ಬೆಳಿಗ್ಗೆ ಆರಕ್ಕೆಲ್ಲ ಮೈದಾನದಲ್ಲಿರುತ್ತಿದ್ದೆ. ಸರ್ ಕೆಟ್ಟವರಲ್ಲ. ಹರಿದ ಬಲೆಯನ್ನು ತಾವೇ ಏಣಿ ಹತ್ತಿ ಹೊಲಿಯುತ್ತಿದ್ದರು, ಕೋರ್ಟಿನ ಮೇಲೆ ಗಾಳಿ ತಂದು ಸುರಿದ ಕೆಂಪು ಮಣ್ಣನ್ನು ತಾವೇ ಗುಡಿಸುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಅವರ ಮೇಲಿನ ಸಿಟ್ಟೇ.

ಜಿಲ್ಲಾ ಪಂದ್ಯಗಳಿಗೆ ಮುಂಚೆ ಸರ್ ಸುತ್ತಲಿನ ಊರುಗಳ ಕಾಲೇಜುಗಳ ಜೊತೆ ಅಭ್ಯಾಸ ಪಂದ್ಯ ಗೊತ್ತು ಮಾಡುತ್ತಿದ್ದರು. ಗೆದ್ದರೆ ಕಪ್ಪಿಲ್ಲ, ಸೋತರೆ ಕೇಳುವವರಿಲ್ಲ. ಹೊಸಬರು ಆಡಿ ಕಲಿಯುವುದು ಇಂಥಲ್ಲೇ ಅಲ್ಲವೇ ಎಂದು ನಾನು ನಂಬಿದ್ದೆ.

ಮೊದಲು ಹಗರಿಬೊಮ್ಮನಹಳ್ಳಿಗೆ ಹೋದೆವು. ಆಟ ಮುಗಿಯುವವರೆಗೂ ಬೆಂಚಿನ ಮೇಲೆ ಕೂತಿದ್ದೆ. ಆಮೇಲೆ ಕೂಡ್ಲಿಗಿ. ಅಲ್ಲಿ ನಾವು ಇಪ್ಪತ್ತು ಅಂಕ ಮುಂದಿದ್ದರೂ ಎರಡನೇ ವರ್ಷದ ಅದೇ ಐದು ಜನ ಅಕ್ಕಂದಿರು ಏದುಸಿರು ಬಿಡುತ್ತಾ ಓಡುತ್ತಿದ್ದರು. ನಾವು ನಾಲ್ಕು ಜನ ಹೊಸಬರು ಅವರಿಗೆ ನೀರಿನ ಬಾಟಲಿ ಎತ್ತಿಕೊಡುತ್ತಿದ್ದೆವು. ಹರಪನಹಳ್ಳಿಯಲ್ಲೂ ಅದೇ.

ಹರಪನಹಳ್ಳಿಯಿಂದ ಬಂದ ಸಂಜೆ ಅವ್ವ ನನ್ನ ಜರ್ಸಿಯನ್ನು ಮೂಗಿಗೆ ಹಿಡಿದು ನೋಡಿದಳು.

“ಇದು ಹೊಲಸಾ ಆಗಿಲ್ಲಲ್ಲವಾ, ಯಾಕ ಒಗೀಲಿ? ಅಷ್ಟು ದೂರ ಹೋಗಿ ಏನ್ ಮಾಡಿ ಬಂದಿ?”

“ಕುಂತು ಬಂದೆ,” ಅಂದೆ.

“ಕುಂದ್ರಾಕ ಮನಿ ಇರಲಿಲ್ಲೇನು?”

ಅವಳು ತಮಾಷೆಗೆ ಅಂದಿದ್ದಳು. ನಾನು ಊಟ ಬಿಟ್ಟು ಎದ್ದೆ.

ಮರುದಿನ ಧೈರ್ಯ ಮಾಡಿ ಸರ್ ಹತ್ತಿರ ಹೋದೆ. “ಸರ, ನನಗ ಒಂದೈದು ನಿಮಿಷ ಆಡಾಕ ಕೊಡ್ರಿ.”

ಅವರು ಸಮಾಧಾನದಿಂದಲೇ ಹೇಳಿದರು. “ನೋಡವಾ, ಅವರಿಗೆ ಇದು ಕಡೀ ವರ್ಷ. ಐದೂ ಮಂದಿಗೆ ಹೊಂದಾಣಿಕಿ ಕೂಡಬೇಕು. ನಡುವ ನಿಮ್ಮನ್ನ ಇಳಿಸಿದ್ರ ಕೆಡತೈತಿ. ನಿಂದು ಮುಂದಿನ ವರ್ಷ ಐತಲ್ಲ.”

ಜಿಲ್ಲಾ ಪಂದ್ಯ ಹಡಗಲಿಯಲ್ಲಿತ್ತು. ಸೆಮಿಫೈನಲ್ ಮುಗಿಯಲು ಎರಡು ನಿಮಿಷ ಇದ್ದಾಗ, ನಾವು ಒಂದು ಅಂಕ ಮುಂದಿದ್ದಾಗ, ನಮ್ಮ ಕ್ಯಾಪ್ಟನ್ ಅಕ್ಕನಿಗೆ ಐದನೇ ಫೌಲ್ ಬಿತ್ತು. ಐದಾದರೆ ಹೊರಗೆ ಬರಲೇಬೇಕು. ಸರ್ ಬೆಂಚಿನ ಕಡೆ ತಿರುಗಿ ನನ್ನತ್ತ ಕೈ ಮಾಡಿದರು. ಎರಡು ತಾಸು ಕೂತ ಕಾಲುಗಳು ಮರಗಟ್ಟಿದ್ದವು.

ಆ ಫೌಲಿಗೆ ಎದುರಾಳಿಗೆ ಸಿಕ್ಕ ಎರಡು ಎಸೆತವೂ ಗುರಿ ತಪ್ಪಿ, ಚೆಂಡು ಗೆರೆ ದಾಟಿ ನಮ್ಮ ಪಾಲಾಯಿತು. ಗೆರೆಯ ಹೊರಗೆ ನಿಂತು ಅದನ್ನು ನಾನು ಒಳಗೆ ಎಸೆಯಬೇಕಿತ್ತು. ಸರ್ ಎರಡು ಬೆರಳು ತೋರಿಸಿದರು. ಯಾರು ಎತ್ತ ಓಡಬೇಕೆಂದು ಹೇಳುವ ಆ ಸನ್ನೆ ನನಗೆ ಗೊತ್ತಿತ್ತು, ಆದರೆ ಎದುರಾಳಿಯ ಜಾಗದಿಂದ ಮಾತ್ರ. ಅಭ್ಯಾಸದಲ್ಲಿ ಯಾವಾಗಲೂ ನಾವು ಹೊಸಬರು ಅಕ್ಕಂದಿರ ಎದುರಿಗೆ ಅಡ್ಡ ನಿಲ್ಲುವವರು, ಚೆಂಡು ಕೊಡುವವರಲ್ಲ. ಯಾರು ಎತ್ತ ಓಡಿ ಬರುತ್ತಾರೆಂದು ಹುಡುಕುತ್ತಾ ನಿಂತೆ. ಸುತ್ತಲಿನ ಕೂಗಾಟದಲ್ಲಿ ನನ್ನ ಹೆಸರು ಕೂಡ ಕೇಳಿಸಲಿಲ್ಲ. ಎಸೆಯಲು ಇರುವ ಐದು ಸೆಕೆಂಡು ಮುಗಿದು ಸೀಟಿ ಬಿತ್ತು, ಚೆಂಡು ಅವರ ಪಾಲಾಯಿತು. ಅವರು ಅಲ್ಲೇ ಎರಡು ಅಂಕ ಹೊಡೆದರು. ಮುಂದಿನ ಸಲ ನಾನು ಎಸೆದ ಚೆಂಡು ನೇರ ಎದುರಾಳಿಯ ಕೈಗೇ ಹೋಯಿತು. ಮೂರು ಅಂಕದಿಂದ ಸೋತೆವು.

ವಾಪಸು ಬರುವ ಬಸ್ಸಿನಲ್ಲಿ ಸರ್ ಮುಂದಿನ ಸೀಟಿನಲ್ಲಿ ಕೂತು, ಯಾರಿಗೂ ಅಲ್ಲದಂತೆ ಅಂದರು: “ಹೊಸಬರನ್ನ ನಂಬಿದ್ರ ಹಿಂಗಾ ಆಗೋದು.”

ನನಗೆ ತಡೆಯಲಾಗಲಿಲ್ಲ. “ಯಾವಾಗ ನಂಬಿದ್ರಿ ಸರ? ಮೂರು ಊರು ತಿರುಗಿಸಿದ್ರಿ, ಒಮ್ಮಿಯರ ಇಳಿಸಿದ್ರೇನು?”

ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತಿದ್ದ ಯಾರೋ ಅಮ್ಮ, “ದೊಡ್ಡೋರಿಗೆ ಎದುರ ಮಾತಾಡಬಾರದವಾ ತಾಯಿ,” ಎಂದು ನನ್ನ ತೊಡೆ ತಟ್ಟಿದರು. ಸರ್ ತಿರುಗಿ ನೋಡಲಿಲ್ಲ. ಕೊಟ್ಟೂರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಮರುವರ್ಷ ಅವರು ನನ್ನನ್ನೇ ಕ್ಯಾಪ್ಟನ್ ಮಾಡಿದರು. ಬಸ್ಸಿನ ಮಾತು ಅವರಿಗೆ ನಾಟಿರಬೇಕೆಂದುಕೊಂಡು ಹಿಗ್ಗಿದೆ. ಹೊಸ ಹುಡುಗಿಯರಲ್ಲಿ ಹಲವಾಗಲು ಊರಿನ ಒಬ್ಬಳಿದ್ದಳು. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಉದ್ದ ಕೈ, ಚುರುಕು ಕಣ್ಣು. ಹರಪನಹಳ್ಳಿಯ ಅಭ್ಯಾಸ ಪಂದ್ಯದ ದಿನ ಅವಳನ್ನು ಇಳಿಸಿರೆಂದು ಸರ್‌ಗೆ ಕೇಳಿದೆ.

“ನಿನಗ ಇದು ಕಡೀ ವರ್ಷವಾ. ನೀ ಆಡು,” ಅಂದರು. ಹೋದ ವರ್ಷದ ಅದೇ ಮಾತು, ಈ ಸಲ ನನ್ನ ಪರವಾಗಿ.

ಆಟ ಅರ್ಧ ಕಳೆದ ಮೇಲೆ ನಾನು ಮೀನಖಂಡ ಹಿಡಿದುಕೊಂಡು ಕೂತುಬಿಟ್ಟೆ. ಕುಂಟುತ್ತಾ ಹೊರಗೆ ಬಂದೆ. ಬೇರೆ ದಾರಿಯಿಲ್ಲದೆ ಸರ್ ಅವಳನ್ನು ಇಳಿಸಿದರು. ಅವಳು ಎಂಟು ನಿಮಿಷ ಆಡಿದಳು. ನಾಲ್ಕು ಸಲ ಚೆಂಡು ಕಳೆದಳು, ಒಂದು ಸಲ ಚೆಂಡು ಪುಟಿಸದೆ ಹಾಗೇ ಎತ್ತಿಕೊಂಡು ಓಡಿದಳು. ಹರಪನಹಳ್ಳಿಯವರು ನಕ್ಕರು. ಗೆಲ್ಲುತ್ತಿದ್ದ ಪಂದ್ಯ ಸೋತೆವು.

ಸರ್ ನನ್ನನ್ನು ಪಕ್ಕಕ್ಕೆ ಕರೆದರು. “ಯಾವ ಕಾಲು ಹಿಡಿದಿತ್ತು?”

“ಎಡಗಾಲು ಸರ.”

“ಬಲಗಾಲು ಕುಂಟಿಕೋಂತ ಬಂದಿಯಲ್ಲ.”

ಅಲ್ಲೇ ಕ್ಯಾಪ್ಟನ್ ಪಟ್ಟ ಬೇರೆಯವಳಿಗೆ ಹೋಯಿತು. ಅದನ್ನಾದರೂ ಸಹಿಸಿದೆ. ಬಸ್ ನಿಲ್ದಾಣದಲ್ಲಿ ಆ ಹುಡುಗಿ ಹತ್ತಿರ ಬಂದು, “ಅಕ್ಕಾ, ಇನ್ನೊಮ್ಮಿ ಹಂಗ ಮಾಡಬ್ಯಾಡ್ರಿ. ಎಲ್ಲಾರ ಮುಂದ ನನ್ನ ಮಾನ ಹೋತು,” ಅಂದಳು. ನಿನಗಾಗಿಯೇ ಮಾಡಿದೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳನ್ನು ಕೇಳಿ ಮಾಡಿರಲಿಲ್ಲ, ನಿಜ.

ಆ ವರ್ಷದ ಜಿಲ್ಲಾ ಪಂದ್ಯದಲ್ಲಿ ಎರಡನೇ ಆಟಕ್ಕೇ ಸೋತು ಬಂದೆವು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಎರಡಕ್ಕೂ ನಾನೂ ಸೇರಿ ಅದೇ ಐದು ಜನ. ಕೊನೆಗೆ ನಮಗೆ ಕೈ ಎತ್ತಲೂ ಆಗುತ್ತಿರಲಿಲ್ಲ. ಹಲವಾಗಲಿನವಳು ಎರಡೂ ಆಟ ಕೂತೇ ನೋಡಿದಳು. “ಹುಡುಗೀರಿಗೆ ಸುಸ್ತಾಗಿತ್ತು,” ಎಂದಷ್ಟೇ ಸರ್ ಹೇಳಿದರು. ಸುಸ್ತಾಗದ ನಾಲ್ಕು ಜನ ಅವರ ಪಕ್ಕದಲ್ಲೇ ಕೂತಿದ್ದರು. ಅವಳನ್ನು ಇಳಿಸಿದ್ದರೆ ಗೆಲ್ಲುತ್ತಿದ್ದೆವೋ ಏನೋ, ನನಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೇ ಮುಚ್ಚಿಟ್ಟರಲ್ಲ, ಅದೇ ನನ್ನ ಸಿಟ್ಟು.

ಈಗ ನಾನು ಡಿಗ್ರಿ ಓದುತ್ತಿದ್ದೇನೆ, ಆಟ ಬಿಟ್ಟಿದ್ದೇನೆ. ಮೊನ್ನೆ ಹಲವಾಗಲಿನ ಆ ಹುಡುಗಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಈ ವರ್ಷ ಅವಳೇ ಕ್ಯಾಪ್ಟನ್. ಕೂಡ್ಲಿಗಿಯಲ್ಲಿ ಅಭ್ಯಾಸ ಪಂದ್ಯ ಆಡಿ ಬಂದಿದ್ದಳು.

“ಹೊಸ ಹುಡುಗೀರನ್ನ ಇಳಿಸಿದ್ರೇನು?” ಕೇಳಿದೆ.

“ಇಲ್ಲಕ್ಕಾ. ಸರ ಒಂದೆರಡು ನಿಮಿಷ ಇಳಿಸೋಣು ಅಂದ್ರು, ನಾನಾ ಬ್ಯಾಡ ಅಂದೆ. ಗೆಲ್ಲಬೇಕಲ್ರಿ.”

“ಸರ ಹಂಗಂದ್ರಾ?”

“ಹೂನ್ರಿ.”

ಅವಳ ಬಸ್ಸು ಬಂತು. ಹತ್ತುವಾಗ ಅವಳ ಭುಜ ಹಿಡಿದು, “ಮುಂದಿನ ಪಂದ್ಯದಾಗ ಒಂದು ಹತ್ತು ನಿಮಿಷ ಕೊಡು ಆ ಹೊಸಬರಿಗೆ. ಆ ಹುಡುಗೀರನ್ನ ಕೇಳಿ ಕೊಡು,” ಅಂದೆ. “ನೋಡ್ತೀನ್ರಿ ಅಕ್ಕಾ,” ಎಂದು ನಕ್ಕು ಒಳಗೆ ಹೋದಳು. ಕೊಡುತ್ತಾಳೆಂದು ನನಗೇನೂ ಅನಿಸಲಿಲ್ಲ.